ಉಷ್ಣ ಅಲ್ಲ ಸ್ವಾಮೀ, ಅದು ರಕ್ತ!

ಮುಜುಗರ ಆಗುವವರು ಇಲ್ಲೇ ನಿಲ್ಲಿಸಿ, ಬೇಜಾರಿಲ್ಲ. ವಿಷಯ ವೀರ್ಯದ ಬಣ್ಣದ್ದು.

ಹೋದ ವರ್ಷ ದೀಪಾವಳಿಗೆ ಊರಿಗೆ ಹೋಗಿದ್ದೆ. ಗುಂಡ್ಲುಪೇಟೆಯಿಂದ ಬಂಡೀಪುರಕ್ಕೆ ಹೋಗೋ ದಾರೀಲಿ ನಮ್ಮೂರು. ಒಂದು ದಿನ ನೋಡ್ತೀನಿ, ವೀರ್ಯ ಕಂದುಗೆಂಪು! ಎದೆ ಧಸಕ್ ಅಂತು. ಬಾಲ್ಯದ ಗೆಳೆಯನಿಗೆ ಹೇಳಿದರೆ "ಬಾಡಿ ಹೀಟು ಕಣ್ಲಾ, ಎಳ್ನೀರು ಕುಡಿ, ಸರಿ ಹೋಯ್ತದ" ಅಂದ. ಕುಡಿದೆ. ಸಾಲದು ಅಂತ ಬಸ್ಸಿನ ಕಿಟಕಿಯಿಂದ ಕಂಡ "ಗುಪ್ತರೋಗ" ಗೋಡೆಬರಹದ ನಂಬರಿಗೆ ಫೋನೂ ಮಾಡಿದೆ. ಇಂಜಿನಿಯರಿಂಗ್ ಓದಿ ಏನು ಬಂತು ಹೇಳಿ? ಲಾಡ್ಜಿನ ರೂಮಲ್ಲಿ ಕೂತಿದ್ದ ಆ ಮಹಾಶಯ ಮೂತ್ರ ಪರೀಕ್ಷೆ ಮಾಡಿಸಲಿಲ್ಲ, ಬಿ.ಪಿ. ನೋಡಲಿಲ್ಲ. ಒಂದು ಹನಿ ವೀರ್ಯಕ್ಕೆ ನಲವತ್ತು ಹನಿ ರಕ್ತ ಅನ್ನೋ ಹಳೇ ಲೆಕ್ಕ ಒಪ್ಪಿಸಿ, 6,000 ರೂಪಾಯಿಗೆ ಒಂದು ಡಬ್ಬಿ ಲೇಹ್ಯ ಕೊಟ್ಟ.

ಆ ಲೆಕ್ಕ ಶುದ್ಧ ಸುಳ್ಳು. ವೀರ್ಯದ ಬಹುಪಾಲು ಎರಡು ಬಗೆಯ ಗ್ರಂಥಿಗಳ ದ್ರವ, ಅದರಲ್ಲೊಂದು ಪ್ರಾಸ್ಟೇಟ್. ವೀರ್ಯಾಣು ಶೇ. 5ರ ಆಸುಪಾಸು ಅಷ್ಟೆ. ದೇಹ ದಿನಾ ಹೊಸದಾಗಿ ಮಾಡ್ತಾನೇ ಇರುತ್ತೆ. ಈ ಭಯಕ್ಕೇ ಮನೋವೈದ್ಯ ಎನ್.ಎನ್. ವಿಗ್ 1960ರಲ್ಲಿ "ಧಾತ್ ಸಿಂಡ್ರೋಮ್" ಅಂತ ಹೆಸರಿಟ್ಟರು.

ನನಗೆ ಸಿಟ್ಟು ಬರೋದು ಎಲ್ಲಿ ಗೊತ್ತಾ? ಹೆದರಬೇಕಿಲ್ಲದ್ದಕ್ಕೆ ನಮ್ಮ ಹುಡುಗರು ನಿದ್ದೆಗೆಡ್ತಾರೆ, ತೋರಿಸಬೇಕಾದ್ದಕ್ಕೆ ಎಳನೀರು ಕುಡೀತಾರೆ. ತೆಳ್ಳಗಿದ್ದರೆ "ಶಕ್ತಿ ಹೋಯ್ತು" ಅಂತಾರೆ. ಪದೇ ಪದೇ ಹೋದರೆ ತೆಳ್ಳಗಾಗೋದು ಸಹಜ ಕಣ್ರೀ. ಹೊರಬಂದು ಅರ್ಧ ಗಂಟೆಯೊಳಗೆ ಸಾಮಾನ್ಯವಾಗಿ ಎಲ್ಲರದ್ದೂ ನೀರಾಗುತ್ತೆ. ಬಹಳ ದಿನದ ಮೇಲೆ ಬಂದರೆ ತಿಳಿ ಹಳದಿ, ಜೆಲ್ಲಿಯಂಥ ಗಂಟು... ಅದೂ ಮಾಮೂಲಿ. ಮಕ್ಕಳಾಗುತ್ತಾ ಇಲ್ವಾ ಅನ್ನೋದು ಕಣ್ಣಿಗೆ ಕಾಣಲ್ಲ, ಲ್ಯಾಬಿನಲ್ಲೇ ಎಣಿಸಬೇಕು.

ಆದರೆ ಹಳದಿ-ಹಸಿರು ಬಣ್ಣ, ಕೆಟ್ಟ ವಾಸನೆ, ಉರಿಮೂತ್ರ, ಜ್ವರ, ವೃಷಣದಲ್ಲಿ ನೋವು ಇದ್ದರೆ ಸೋಂಕಿರಬಹುದು, ತಡ ಮಾಡಬೇಡಿ. ಕೆಂಪು ಅಥವಾ ಕಂದು ಅಂದರೆ ಸಾಮಾನ್ಯವಾಗಿ ರಕ್ತ. 40ರ ಒಳಗಿನವರಿಗೆ ಒಂದೆರಡು ಸಲ ಕಾಣಿಸಿ ತಾನೇ ಹೋಗೋದೇ ಹೆಚ್ಚು, ಆದರೂ ಒಮ್ಮೆ ತೋರಿಸಿ. ಮತ್ತೆ ಮತ್ತೆ ಬಂದರೆ, ಮೂತ್ರದಲ್ಲೂ ರಕ್ತ ಇದ್ದರೆ, ವಯಸ್ಸು 40 ದಾಟಿದ್ದರೆ ಬಿಡಲೇಬಾರದು. ಕ್ಷಯ, ಪ್ರಾಸ್ಟೇಟ್ ತೊಂದರೆ, ರಕ್ತದೊತ್ತಡ, ಯಾವುದೂ ಕಾರಣ ಆಗಬಹುದು.

ನಾನು ಕೊನೆಗೆ ಹೋಗಿದ್ದು ಸರ್ಕಾರಿ ಆಸ್ಪತ್ರೆಗೆ. ಬಿ.ಪಿ. ನೋಡಿದರು, ಮೂತ್ರ ಪರೀಕ್ಷೆ ಆಯ್ತು, "ಮತ್ತೆ ಬಂದ್ರೆ ಬನ್ನಿ" ಅಂದರು. ಮತ್ತೆ ಬರಲಿಲ್ಲ. ಹತ್ತು ನಿಮಿಷದ ಕೆಲಸ!

ಇಂಥ ಜಾಹೀರಾತು ತಡೆಯೋಕೆ 1954ರಿಂದ ಕಾಯ್ದೆ ಇದೆ, ಮೊದಲ ತಪ್ಪಿಗೇ 6 ತಿಂಗಳವರೆಗೆ ಜೈಲು. ಪ್ರಾಣಿಗಳಿಗೋಸ್ಕರ 2009ರಿಂದ ಬಂಡೀಪುರದ ರಸ್ತೆಗೆ ರಾತ್ರಿ 9ಕ್ಕೆ ಗೇಟು ಹಾಕ್ತೀವಿ, ಸರಿಯಾಗೇ ಮಾಡ್ತೀವಿ. ಅದೇ ರಸ್ತೆ ಬದಿಯ ಗೋಡೆಗೆ ಸುಣ್ಣ ಬಳಿಸೋಕೆ ಆಗಲ್ವಾ?

ಲೇಹ್ಯದ ಡಬ್ಬಿ ಇನ್ನೂ ಊರಲ್ಲಿ ಅಟ್ಟದ ಮೇಲಿದೆ. ಅಮ್ಮನಿಗೆ ಚ್ಯವನಪ್ರಾಶ ಅಂದಿದ್ದೆ. ಅವರು ತಿನ್ನೋದರೊಳಗೆ ಹೋಗಿ ಎಸೀಬೇಕು.