ಗೇಟಿನ ಮೇಲಿನ ಬ್ಯಾನರ್ ಯಾರಿಗಾಗಿ?

ಬೇಸಿಗೆ ರಜೆ ಮುಗಿದು ಶಾಲೆಯ ಬಾಗಿಲು ತೆರೆಯುವ ದಿನ. ಮೇ ಕೊನೆಗೋ ಜೂನ್ ಮೊದಲಿಗೋ ಬರುವ ಈ ದಿನಕ್ಕೆ ಕರ್ನಾಟಕದ ಶಾಲೆಗಳಲ್ಲಿ ‘ಪ್ರಾರಂಭೋತ್ಸವ’ ಎಂದು ಹೆಸರು. ಅಂಗಳದಲ್ಲಿ ರಂಗೋಲಿ, ಬಾಗಿಲಿಗೆ ಮಾವಿನ ತೋರಣ, ಮಧ್ಯಾಹ್ನದ ಊಟಕ್ಕೆ ಸಿಹಿ. ಗೇಟಿನ ಮೇಲೆ ಒಂದು ಬ್ಯಾನರ್. ಒಂದನೇ ತರಗತಿಗೆ ಸೇರುವ ಮಗು ಅಪ್ಪನ ಬೆರಳು ಹಿಡಿದು ಅದರ ಮುಂದೆ ನಿಂತು ತಲೆ ಎತ್ತುತ್ತದೆ. ಬ್ಯಾನರಿನ ತುಂಬ ಆ ವರ್ಷದ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಹೆಚ್ಚು ಅಂಕ ಗಳಿಸಿದವರ ಭಾವಚಿತ್ರಗಳು. ಒಬ್ಬೊಬ್ಬರ ಕೆಳಗೂ 625ಕ್ಕೆ ಇಷ್ಟು ಎಂಬ ಲೆಕ್ಕ.

‘ಅಪ್ಪಾ, ಅಲ್ಲಿ ನನ್ನ ಫೋಟೋ ಯಾವಾಗ ಹಾಕ್ತಾರೆ?’

‘ನೀನೂ ಇವರ ಹಾಗೆ ಮಾರ್ಕ್ಸ್ ತಗೊಂಡಾಗ, ಪುಟ್ಟಾ.’

ಅಪ್ಪನ ಮಾತಿನಲ್ಲಿ ಪ್ರೀತಿಯಿದೆ, ಆಸೆಯೂ ಇದೆ. ಆದರೆ ಆ ಮಗು ಹತ್ತು ವರ್ಷ ಕಾಯಬೇಕು. ಕಾದರೂ ಬ್ಯಾನರಿನಲ್ಲಿ ಜಾಗ ಇರುವುದು ಐದಾರು ಮುಖಗಳಿಗೆ ಮಾತ್ರ. ಉಳಿದ ಮಕ್ಕಳು ದಿನವೂ ಅದೇ ಗೇಟಿನ ಕೆಳಗೆ ಹಾದು ಹೋಗುತ್ತಾರೆ. ‘ಈ ಶಾಲೆ ಅವರದು, ನನ್ನದಲ್ಲ’ ಎಂಬ ಭಾವನೆ ಒಂದು ಮಗುವಿನ ಮನಸ್ಸಿನಲ್ಲಿ ಮೂಡಿದರೂ ಸ್ವಾಗತದ ಉದ್ದೇಶ ಕೆಟ್ಟಂತೆಯೇ.

ಚೆನ್ನಾಗಿ ಓದಿದವರನ್ನು ಗೌರವಿಸುವುದು ತಪ್ಪಲ್ಲ. ಅದಕ್ಕೆ ಸೂಚನಾ ಫಲಕವಿದೆ, ವಾರ್ಷಿಕೋತ್ಸವದ ವೇದಿಕೆಯಿದೆ. ಸ್ವಾಗತದ ಬ್ಯಾನರಿನ ಕೆಲಸವೇ ಬೇರೆ. ಅದು ಬರುವವರನ್ನು ಒಳಗೆ ಕರೆಯಬೇಕು. ಮದುವೆ ಮನೆಯ ಬಾಗಿಲಲ್ಲಿ ‘ಸುಸ್ವಾಗತ’ ಎಂದು ಬರೆಯುತ್ತಾರೆಯೇ ಹೊರತು ಹಿಂದಿನ ಮದುವೆಯಲ್ಲಿ ಹೆಚ್ಚು ಮುಯ್ಯಿ ಮಾಡಿದವರ ಪಟ್ಟಿಯನ್ನು ಯಾರೂ ತೂಗುಹಾಕುವುದಿಲ್ಲ.

ಹಾಗಾದರೆ ಬ್ಯಾನರಿನ ಮೇಲೆ ಏನು ಬರೆಯಬೇಕು? ಈ ಪ್ರಶ್ನೆಗೆ ನೆರವಾಗುವ ಒಂದು ಅಧ್ಯಯನವನ್ನು ಅಮೆರಿಕದಲ್ಲಿ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಎಂಬ ಮನೋವಿಜ್ಞಾನಿಗಳು 1998ರಲ್ಲಿ ಪ್ರಕಟಿಸಿದರು. ಐದನೇ ತರಗತಿಯ ಮಕ್ಕಳಿಗೆ ಮೊದಲು ಕೆಲವು ಸಮಸ್ಯೆಗಳನ್ನು ಬಿಡಿಸಲು ಕೊಡಲಾಯಿತು. ಬಿಡಿಸಿದ ಮೇಲೆ ಕೆಲವರನ್ನು ಅವರ ಜಾಣತನಕ್ಕಾಗಿಯೂ, ಇನ್ನು ಕೆಲವರನ್ನು ಅವರು ಪಟ್ಟ ಶ್ರಮಕ್ಕಾಗಿಯೂ ಹೊಗಳಲಾಯಿತು. ಬಳಿಕ ಬಂದವು ಬಲು ಕಠಿಣ ಸಮಸ್ಯೆಗಳು. ಅವುಗಳಲ್ಲಿ ಸೋತ ಮೇಲೆ ‘ಜಾಣ’ ಎನಿಸಿಕೊಂಡಿದ್ದವರ ಉತ್ಸಾಹ ಕುಗ್ಗಿತು. ಮುಂದಿನ ಸಮಸ್ಯೆಗಳಲ್ಲಿ ಅವರು ಮೊದಲಿಗಿಂತ ಹಿಂದೆ ಬಿದ್ದರು. ಶ್ರಮಕ್ಕೆ ಮೆಚ್ಚುಗೆ ಪಡೆದವರು ಸೋತರೂ ಕೈಬಿಡದೆ ಮುಂದುವರಿದರು.

ಬಟ್ಟೆಯ ಮೇಲಿನ ಒಂದು ಸಾಲು ಮಗುವನ್ನು ಬದಲಿಸಿಬಿಡುತ್ತದೆ ಎಂದು ಇದರ ಅರ್ಥವಲ್ಲ. ಆದರೆ ಶಾಲೆ ಯಾವುದಕ್ಕೆ ಬೆಲೆ ಕೊಡುತ್ತದೆ ಎಂಬುದನ್ನು ಗೇಟಿನ ಮೇಲಿನ ಮಾತು ಮೊದಲ ದಿನವೇ ಹೇಳಿಬಿಡುತ್ತದೆ. ‘ನೂರಕ್ಕೆ ನೂರು ಫಲಿತಾಂಶ’ ಎನ್ನುವುದಕ್ಕಿಂತ ‘ಬಾ, ಕೇಳು, ಮಾಡಿ ನೋಡು’ ಎನ್ನುವುದು ಎಲ್ಲ ಮಕ್ಕಳಿಗೂ ಸಲ್ಲುವ ಮಾತು. ಮೊದಲನೆಯದು ಮುಗಿದುಹೋದ ಪರೀಕ್ಷೆಯ ಸುದ್ದಿ. ಎರಡನೆಯದು ಇಂದಿನಿಂದ ಮಾಡಬೇಕಾದ ಕೆಲಸ.

ಇಲ್ಲಿ ಇನ್ನೊಂದು ತೊಡಕಿದೆ. ಒಂದನೇ ತರಗತಿಯ ಮಗುವಿಗೆ ಇನ್ನೂ ಓದಲು ಬಾರದು. ಎಷ್ಟೇ ಒಳ್ಳೆಯ ಮಾತು ಬರೆದರೂ ಅದನ್ನು ಓದುವವರು ದೊಡ್ಡವರೇ. ಆದ್ದರಿಂದ ಮಗುವಿಗೆ ಚಿತ್ರ ಬೇಕು. ಆ ಚಿತ್ರವನ್ನು ಅದಕ್ಕಿಂತ ಸ್ವಲ್ಪ ದೊಡ್ಡ ಮಕ್ಕಳೇ ಬರೆದಿದ್ದರೆ ಇನ್ನೂ ಚೆನ್ನ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಆರಂಭವಾದ ‘ನಲಿ-ಕಲಿ’ ಪದ್ಧತಿ ಈ ಗುಟ್ಟನ್ನು ಅರಿತಿದೆ. ನಲಿ-ಕಲಿ ಕೊಠಡಿಯಲ್ಲಿ ತಲೆಯ ಮೇಲೆ ದಾರಗಳನ್ನು ಕಟ್ಟಿ ‘ಚಪ್ಪರ’ ಮಾಡಿರುತ್ತಾರೆ. ಮಕ್ಕಳು ಬರೆದ ಚಿತ್ರ, ಕತ್ತರಿಸಿದ ಕಾಗದದ ಆಕೃತಿ ಅದರಲ್ಲಿ ತೂಗಾಡುತ್ತವೆ. ಕೊಠಡಿಗೆ ಬಂದ ಮಗು ತಲೆ ಎತ್ತಿದರೆ ತನ್ನದೇ ಕೈಕೆಲಸ ಕಾಣುತ್ತದೆ. ಕೊಠಡಿಯೊಳಗಿನ ಈ ಚಪ್ಪರವನ್ನು ಗೇಟಿನವರೆಗೆ ತಂದರೆ ಅದೇ ಒಳ್ಳೆಯ ಸ್ವಾಗತದ ಬ್ಯಾನರ್.

ಅದನ್ನು ತಯಾರಿಸುವುದೂ ಒಂದು ವಿಜ್ಞಾನದ ಪಾಠವೇ. ಮೊದಲಿಗೆ ಅಕ್ಷರದ ಗಾತ್ರ. ಕಣ್ಣಿನ ಪರೀಕ್ಷೆಗೆ ಬಳಸುವ ಫಲಕದಲ್ಲಿ, ಸಾಮಾನ್ಯ ದೃಷ್ಟಿಯವರು 6 ಮೀಟರ್ ದೂರದಿಂದ ಓದಬೇಕಾದ ಸಾಲಿನ ಅಕ್ಷರದ ಎತ್ತರ ಸುಮಾರು 9 ಮಿಲಿಮೀಟರ್. ಇದೇ ಅನುಪಾತದಲ್ಲಿ 30 ಮೀಟರ್ ದೂರಕ್ಕೆ ನಾಲ್ಕೂವರೆ ಸೆಂಟಿಮೀಟರ್ ಎತ್ತರ ಬೇಕು. ಇದು ಕಷ್ಟಪಟ್ಟು ಓದುವ ಮಿತಿ. ಕನ್ನಡದಲ್ಲಿ ಒತ್ತಕ್ಷರಗಳಿವೆ; ಬ–ಭ, ದ–ಧ, ಪ–ಷ ಅಕ್ಷರಗಳ ನಡುವೆ ಇರುವ ವ್ಯತ್ಯಾಸ ಒಂದು ಸಣ್ಣ ಗೀಟು ಮಾತ್ರ. ಹೀಗಾಗಿ ಮೂರು ಪಟ್ಟು ದೊಡ್ಡದಾಗಿ, ಅಂದರೆ 12ರಿಂದ 15 ಸೆಂಟಿಮೀಟರ್ ಎತ್ತರಕ್ಕೆ ಬರೆದರೆ ರಸ್ತೆಯಾಚೆ ನಿಂತವರೂ ಆರಾಮವಾಗಿ ಓದಬಹುದು. 3 ಮೀಟರ್ ಉದ್ದದ ಬಟ್ಟೆಯಲ್ಲಿ ಆಗ ಒಂದು ಸಾಲಿಗೆ ಹಿಡಿಯುವುದು ಹದಿನೈದರಷ್ಟು ಅಕ್ಷರಗಳು. ಮಾತು ಚಿಕ್ಕದಾಗಿರಲಿ ಎಂಬುದಕ್ಕೆ ಇದಕ್ಕಿಂತ ಕಾರಣ ಬೇಕೇ?

ಬಣ್ಣದ ವಿಷಯವೂ ಹೀಗೆಯೇ. ಬಿಳಿ ಬಟ್ಟೆಯ ಮೇಲೆ ಹಳದಿ ಅಕ್ಷರ ದೂರಕ್ಕೆ ಕಾಣುವುದಿಲ್ಲ. ಕಡುನೀಲಿ ಅಥವಾ ಕಪ್ಪು ಎದ್ದು ಕಾಣುತ್ತದೆ. ಹಸಿರಿನ ಮೇಲೆ ಕೆಂಪು ಬೇಡ. ಕೆಂಪು-ಹಸಿರು ಭೇದ ತಿಳಿಯದ ಮಕ್ಕಳು, ಅದರಲ್ಲೂ ಹುಡುಗರು, ಶಾಲೆಯಲ್ಲಿ ಇದ್ದೇ ಇರಬಹುದು.

ಯಾವುದರ ಮೇಲೆ ಬರೆಯುವುದು? ಫ್ಲೆಕ್ಸ್ ಅಗ್ಗ, ಒಂದೇ ಗಂಟೆಯಲ್ಲಿ ಸಿದ್ಧ. ಆದರೆ ಅದು ಪಾಲಿಯೆಸ್ಟರ್ ಬಲೆಗೆ ಪಿ.ವಿ.ಸಿ. ಲೇಪಿಸಿದ ಹಾಳೆ. ಶುದ್ಧ ಪಿ.ವಿ.ಸಿ.ಯ ತೂಕದಲ್ಲಿ ಶೇಕಡ 57ರಷ್ಟು ಕ್ಲೋರಿನ್. ಹಬ್ಬ ಮುಗಿದ ಮೇಲೆ ಕಸದ ಜೊತೆ ಸುಟ್ಟರೆ ಕಣ್ಣು, ಗಂಟಲು ಉರಿಸುವ ಹೈಡ್ರೊಜನ್ ಕ್ಲೋರೈಡ್ ಅನಿಲ ಹೊರಬರುತ್ತದೆ. ಡಯಾಕ್ಸಿನ್ ಎಂಬ ವಿಷವಸ್ತುಗಳೂ ಉಂಟಾಗುತ್ತವೆ. ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿ ಹೊರಡಿಸಿದ ಪ್ಲಾಸ್ಟಿಕ್ ನಿಷೇಧದ ಅಧಿಸೂಚನೆಯಲ್ಲಿ ಫ್ಲೆಕ್ಸ್ ಹೆಸರೂ ಇದೆ. ತರಗತಿಯಲ್ಲಿ ಪರಿಸರದ ಪಾಠ, ಗೇಟಿನ ಮೇಲೆ ಫ್ಲೆಕ್ಸ್ ಎಂದರೆ ಮಕ್ಕಳು ಯಾವುದನ್ನು ನಂಬಬೇಕು?

ಕೋರಾ ಬಟ್ಟೆ ಸಾಕು. ಪೋಸ್ಟರ್ ಕಲರ್ ಮಳೆಗೆ ತೊಳೆದುಹೋಗುತ್ತದೆ. ಬಟ್ಟೆಗೆಂದೇ ಸಿಗುವ ಫ್ಯಾಬ್ರಿಕ್ ಬಣ್ಣ ನಿಲ್ಲುತ್ತದೆ. ಮೇಲಿನ ಮತ್ತು ಕೆಳಗಿನ ಅಂಚುಗಳನ್ನು ಮಡಚಿ ಹೊಲಿದು ಬಿದಿರಿನ ಕೋಲು ತೂರಿಸಿದರೆ ಬಟ್ಟೆ ಸುಕ್ಕಾಗದು. ಜೂನ್ ಗಾಳಿಯ ತಿಂಗಳು ಎಂಬುದನ್ನು ಮರೆಯಬಾರದು. ಗಂಟೆಗೆ 36 ಕಿಲೋಮೀಟರ್ ವೇಗದ ಗಾಳಿ 3 ಮೀಟರ್ ಉದ್ದ, 1 ಮೀಟರ್ ಅಗಲದ ಬಟ್ಟೆಯನ್ನು ಸುಮಾರು 18 ಕಿಲೋ ಭಾರದಷ್ಟು ಬಲದಿಂದ ತಳ್ಳುತ್ತದೆ. ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟು! ಆದ್ದರಿಂದ ವಿದ್ಯುತ್ ಕಂಬಕ್ಕೆ ಕಟ್ಟುವುದು, ರಸ್ತೆಗೆ ಅಡ್ಡವಾಗಿ ಎಳೆಯುವುದು ಸಲ್ಲದು. ಕಾಂಪೌಂಡ್ ಗೋಡೆ ಅಥವಾ ಜಗುಲಿಯೇ ಸುರಕ್ಷಿತ ಜಾಗ. ಅಲ್ಲಿ ಮಗುವಿನ ಕಣ್ಣಿನ ಮಟ್ಟಕ್ಕೂ ಸಿಗುತ್ತದೆ.

ಈ ಕೆಲಸವನ್ನು ಬೇಸಿಗೆ ರಜೆಗೆ ಮೊದಲೇ ಮುಗಿಸಿಡಬಹುದು. ಒಂದು, ಎರಡನೇ ತರಗತಿಯವರು ಅಂಗೈಗೆ ಬಣ್ಣ ಹಚ್ಚಿ ಬಟ್ಟೆಯ ಅಂಚಿಗೆಲ್ಲ ಒತ್ತಲಿ. ಆರು, ಏಳನೆಯವರು ಅಳತೆಪಟ್ಟಿ ಹಿಡಿದು ಅಕ್ಷರ ಬರೆಯಲಿ. ಹೊಲಿಗೆ ಬಲ್ಲ ಪಾಲಕರು ಅಂಚು ಹೊಲಿದುಕೊಡಲಿ. ಕೆಳಗೆ ಒಂದಿಷ್ಟು ಜಾಗವನ್ನು ಖಾಲಿ ಬಿಟ್ಟು, ದಾಖಲಾತಿ ಆಗುತ್ತಿದ್ದಂತೆ ಹೊಸ ಮಕ್ಕಳ ಹೆಸರುಗಳನ್ನು ಒಂದೊಂದಾಗಿ ಸೇರಿಸಲಿ. ಪಟ್ಟಿಯಲ್ಲಿ ಮೊದಲನೆಯವರು, ಕೊನೆಯವರು ಎಂದಿಲ್ಲ. ಬಂದವರೆಲ್ಲರ ಹೆಸರೂ ಒಂದೇ ಗಾತ್ರದಲ್ಲಿ.

ಆಗ ಪ್ರಾರಂಭೋತ್ಸವದ ದಿನ ಅಪ್ಪನ ಬೆರಳು ಹಿಡಿದು ಬಂದ ಮಗು ಬೇರೆಯೇ ಪ್ರಶ್ನೆ ಕೇಳುತ್ತದೆ.

‘ಅಪ್ಪಾ, ಇಲ್ಲಿ ಏನು ಬರೆದಿದ್ದಾರೆ?’

‘ನಿನ್ನ ಹೆಸರು, ಪುಟ್ಟಾ.’

ಅಪ್ಪನಿಗೆ ಓದಲು ಬಾರದಿದ್ದರೆ ಗೇಟಿನ ಬಳಿ ನಿಂತ ಟೀಚರ್ ಓದಿ ಹೇಳುತ್ತಾರೆ. ಮಗು ಆ ಅಕ್ಷರಗಳ ಮೇಲೆ ಬೆರಳಾಡಿಸುತ್ತದೆ. ಗಂಟೆ ಹೊಡೆಯುವ ಮೊದಲೇ, ತರಗತಿಯ ಹೊರಗೇ, ಅದರ ಮೊದಲ ಪಾಠ ಆಗಿಹೋಗಿರುತ್ತದೆ.