ಹಿತ್ತಲ ಬಾಗಿಲಿಗೆ ಚಿಲಕ ಹಾಕುವವರು ಯಾರು?

ಮಂಗಳೂರಿನಲ್ಲಿ ಯಾವ ಐಟಿ ಆಫೀಸಿಗೆ ಹೋದರೂ 'ಹೈ ಅವೈಲಬಿಲಿಟಿ'ಯ ಗುಣಗಾನ ಕೇಳಿಯೇ ಹೊರಬರಬೇಕು. ಮಳೆಗಾಲದ ಸಿಡಿಲಿಗೆ ಒಂದು ಡೇಟಾಬೇಸ್ ಸರ್ವರ್ ಮಲಗಿದರೂ ಇನ್ನೊಂದು ಅರೆಕ್ಷಣದಲ್ಲಿ ಎದ್ದು ನಿಲ್ಲುತ್ತದಂತೆ. ಸಂತೋಷ ಮಾರಾಯ್ರೆ. ಆದರೆ ಮಲಗಿಸುವ, ಎಬ್ಬಿಸುವ ಆ ಅಧಿಕಾರ ಯಾರ ಕೈಯಲ್ಲಿದೆ? ಹಾಗೆ ಕೇಳಿದರೆ ಮುಖ ಮುಖ ನೋಡಿಕೊಳ್ತಾರೆ.

ಪೋಸ್ಟ್‌ಗ್ರೆಸ್ ಕ್ಲಸ್ಟರನ್ನು ನಡೆಸುವ ಪ್ಯಾಟ್ರೋನಿಯನ್ನೇ ತಗೊಳ್ಳಿ. 8008ನೇ ಪೋರ್ಟಿನಲ್ಲಿ ಅದು ಕೂತಿರುತ್ತದೆ. ಯಾವ ಸರ್ವರ್ ಯಜಮಾನ ಅಂತ ಹೇಳುವುದೂ ಅಲ್ಲೇ, ಯಜಮಾನನನ್ನು ಬದಲಿಸುವುದೂ ಅಲ್ಲೇ, ಸೆಟ್ಟಿಂಗ್ ತಿದ್ದುವುದೂ ಅಲ್ಲೇ. ಪಾಸ್‌ವರ್ಡ್ ಕೇಳು ಅಂತ ನಾವಾಗಿ ಬರೆದಿಡದಿದ್ದರೆ ಅದು ಯಾರನ್ನೂ ಏನೂ ಕೇಳುವುದಿಲ್ಲ. ಅದರ ಬೆನ್ನಿಗಿರುವ ಎಟ್‌ಸಿಡಿಯದ್ದೂ, ಅಂದರೆ 2379ನೇ ಪೋರ್ಟಿನದ್ದೂ, ಇದೇ ಕಥೆ. ಆ ಸೆಟ್ಟಿಂಗುಗಳಲ್ಲಿ 'ಆರ್ಕೈವ್ ಕಮಾಂಡ್' ಅಂತ ಒಂದಿದೆ. ಆರ್ಕೈವಿಂಗ್ ಚಾಲೂ ಇದ್ದರೆ, ಅಲ್ಲಿ ಬರೆದ ಆಜ್ಞೆಯನ್ನು ಸರ್ವರ್ ತಾನೇ ಓಡಿಸುತ್ತದೆ. ಡೇಟಾಬೇಸಿನ ಪಾಸ್‌ವರ್ಡ್ ಗೊತ್ತಿಲ್ಲದವನೂ ಹೀಗೆ ಮನೆಯೊಡೆಯನಾಗಬಹುದು.

'ಮೂರು ಪ್ರತಿ ಇದೆಯಲ್ಲ ಸಾರ್' ಅಂತ ಒಬ್ಬರು ನನಗೆ ಸಮಾಧಾನ ಹೇಳಿದ್ದರು. ಯಜಮಾನ ಸರ್ವರಿನಲ್ಲಿ ಒಂದು ಟೇಬಲ್ ಅಳಿಸಿದರೆ, ಉಳಿದೆರಡೂ ಅಷ್ಟೇ ನಿಷ್ಠೆಯಿಂದ ಅದನ್ನು ಅಳಿಸುತ್ತವೆ. ಪ್ರತಿ ಬೇರೆ, ಬ್ಯಾಕಪ್ ಬೇರೆ.

'ಒಳಗಿನ ನೆಟ್‌ವರ್ಕ್ ಅಲ್ವಾ, ಯಾರು ಬರ್ತಾರೆ?' ಎನ್ನುವುದು ಎರಡನೇ ಸಮಾಧಾನ. ಬರುತ್ತಾರೆ. 2022ರ ನವೆಂಬರಿನಲ್ಲಿ ದಿಲ್ಲಿಯ ಏಮ್ಸ್ ಆಸ್ಪತ್ರೆಗೆ ಬಂದರು. ಐದು ಸರ್ವರುಗಳ ಸುಮಾರು 1.3 ಟೆರಾಬೈಟ್ ಮಾಹಿತಿಗೆ ಬೀಗ ಜಡಿದರು. ನೆಟ್‌ವರ್ಕನ್ನು ಸರಿಯಾಗಿ ವಿಭಾಗಿಸದಿದ್ದುದೇ ಕಾರಣ ಎಂದು ಸರಕಾರವೇ ಸಂಸತ್ತಿನಲ್ಲಿ ಹೇಳಿತು. ಒಳಗೆ ಗೋಡೆಗಳೇ ಇಲ್ಲದ ಮನೆಯಲ್ಲಿ, ಒಂದು ಕಿಟಕಿಯಿಂದ ನುಗ್ಗಿದವನಿಗೆ ದೇವರ ಕೋಣೆಯೂ ಒಂದೇ, ಬಚ್ಚಲೂ ಒಂದೇ.

ನನಗೆ ಸಿಟ್ಟು ಬರುವುದು ಇದು ನಮ್ಮ ಜಿಲ್ಲೆಯಲ್ಲಿ ನಡೆಯುತ್ತದಲ್ಲ ಅಂತ. 1906ರಲ್ಲಿ ಕೆನರಾ, ಕಾರ್ಪೊರೇಷನ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ದೇಶಕ್ಕೆ ಇಷ್ಟು ಬ್ಯಾಂಕು ಕೊಟ್ಟ ನೆಲ ಇದು. ಸ್ಟ್ರಾಂಗ್ ರೂಮಿನ ಎರಡು ಕೀ ಇಬ್ಬರ ವಶದಲ್ಲಿರಬೇಕು, ಒಬ್ಬನೇ ತೆರೆಯುವಂತಿರಬಾರದು ಅಂತ ಇಲ್ಲಿನ ನಿವೃತ್ತ ಕ್ಯಾಶಿಯರ್ ಯಾರೂ ಹೇಳಿಯಾರು. ಅಂಥವರ ಮಕ್ಕಳು, ಮೊಮ್ಮಕ್ಕಳು ಕ್ಲಸ್ಟರಿನ ಒಂದೇ ಒಂದು ಅಡ್ಮಿನ್ ಪಾಸ್‌ವರ್ಡನ್ನು ವಾಟ್ಸಾಪ್ ಗುಂಪಿನಲ್ಲಿ ಹಂಚಿಕೊಂಡು ಹಾಯಾಗಿದ್ದಾರೆ! ಕೆಲಸ ಬಿಟ್ಟು ಹೋದವನೂ ಆ ಗುಂಪಿನಲ್ಲಿ ಇನ್ನೂ ಇರ್ತಾನೆ.

ಮಾಡಬೇಕಾದ್ದು ಬ್ರಹ್ಮವಿದ್ಯೆಯೇನಲ್ಲ. ನಿರ್ವಹಣೆಯ ಪೋರ್ಟುಗಳನ್ನು ಬೇರೆಯೇ ನೆಟ್‌ವರ್ಕಿಗೆ ಸರಿಸಿ, ಫೈರ್‌ವಾಲ್ ಹಾಕಿ. ಟಿಎಲ್‌ಎಸ್ ಕಡ್ಡಾಯ ಮಾಡಿ. 'ಬದುಕಿದ್ದೀಯಾ?' ಎಂದು ವಿಚಾರಿಸುವ ಲೋಡ್ ಬ್ಯಾಲೆನ್ಸರಿಗೆ ಅಷ್ಟೇ ಉತ್ತರ ಸಿಗಲಿ. ಬದಲಾಯಿಸಲು ಬರುವವರಿಗೆ ಸರ್ಟಿಫಿಕೇಟ್ ಇರಲಿ. ಪ್ರತಿಯೊಬ್ಬರಿಗೂ ಅವರವರದೇ ಲಾಗಿನ್ ಕೊಡಿ, ಲಾಗ್ ಇಡಿ. 180 ದಿನಗಳ ಲಾಗ್ ಇಡಬೇಕು, ದಾಳಿಯಾದರೆ 6 ಗಂಟೆಯೊಳಗೆ ತಿಳಿಸಬೇಕು ಎಂದು ಸರ್ಟ್-ಇನ್ 2022ರಲ್ಲೇ ಆದೇಶಿಸಿದೆ. ಜನರ ಮಾಹಿತಿ ಕಾಯದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ಎನ್ನುತ್ತದೆ 2023ರ ಕಾಯ್ದೆ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಅದಕ್ಕೆ ಮ್ಯಾನೇಜರುಗಳೇ, '99.99 ಇದೆಯಾ?' ಎಂದು ಕೇಳುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ರಿಸೆಪ್ಷನ್ ಮೇಜಿನ ಕಂಪ್ಯೂಟರಿನಿಂದ ಡೇಟಾಬೇಸ್ ಸರ್ವರಿನ 8008ಕ್ಕೆ ಒಂದು ಸಲ ಬಡಿದು ನೋಡಿ. ಒಳಗಿನಿಂದ 'ಬನ್ನಿ' ಎಂಬ ಉತ್ತರ ಬಂದರೆ, ಇವತ್ತು ಸಂಜೆ ಯಾರನ್ನೂ ಮನೆಗೆ ಕಳಿಸಬೇಡಿ.