ಹರಕು ಷರಾಯಿಗೆ ಸಲಾಮು!

ನಂದಿನಿ ಲೇಔಟಿನ ಬೀದಿಗಳಲ್ಲಿ ಸಂಜೆ ಸಂಚರಿಸುವ ತರುಣರನ್ನು ಕಂಡವರಿಗೆ, ನಾಡಿನಲ್ಲಿ ದರ್ಜಿಗಳ ಕ್ಷಾಮವೇನಾದರೂ ತಲೆದೋರಿದೆಯೇ ಎಂಬ ಸಂದೇಹ ಹುಟ್ಟದಿರದು. ಋಷಿಗಳನ್ನು ನಾಚಿಸುವ ಗಡ್ಡ; ಮೊಣಕಾಲಿನ ಬಳಿ ಬಾಯ್ದೆರೆದ ಜೀನ್ಸ್ ಷರಾಯಿ. ಅಯ್ಯೋ ಪಾಪವೆಂದು ಮರುಗುವ ಅಜ್ಜಿಯರು ತಿಳಿಯಬೇಕು: ಅಂಗಡಿಯವನು ಆ ತೂತುಗಳಿಗೂ ಬೆಲೆ ಕಟ್ಟಿಯೇ ಮಾರಿರುತ್ತಾನೆ!

ಈ ಉಡುಪು ಮೂಲತಃ ಕೂಲಿಕಾರರದು. ದುಡಿಮೆಯಲ್ಲಿ ಹರಿಯದಿರಲೆಂದು ಅದಕ್ಕೆ ಲೋಹದ ರಿವೆಟ್ ಬಡಿಯುವ ಕ್ರಮಕ್ಕೆ ಅಮೆರಿಕದ ಲೆವಿ ಸ್ಟ್ರಾಸ್, ಜೇಕಬ್ ಡೇವಿಸ್ ಎಂಬವರು ೧೮೭೩ರಲ್ಲಿ ಪೇಟೆಂಟ್ ಪಡೆದರು. ಹರಿಯಬಾರದೆಂದು ಹುಟ್ಟಿದ ಬಟ್ಟೆಯನ್ನು ಈಗ ಹರಿದೇ ಮಾರುತ್ತಾರೆ!

ಇದಿಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಾಗಿತ್ತು. ಆದರೆ ೨೦೨೪ರ ಜುಲೈಯಲ್ಲಿ, ಇದೇ ಪಶ್ಚಿಮ ಬೆಂಗಳೂರಿನ ಮಾಗಡಿ ರಸ್ತೆಯ ಮಾಲೊಂದಕ್ಕೆ ಮಗನೊಡನೆ ಚಲನಚಿತ್ರ ನೋಡಬಂದ ಹಾವೇರಿ ಜಿಲ್ಲೆಯ ವೃದ್ಧ ರೈತರನ್ನು, ಪಂಚೆಯುಟ್ಟ ಅಪರಾಧಕ್ಕಾಗಿ ಬಾಗಿಲಲ್ಲೇ ತಡೆದರು. ಹರಕು ಜೀನ್ಸಿನವರನ್ನು ತಡೆದ ವಾರ್ತೆಯೇನೂ ಬರಲಿಲ್ಲ. ಸರಕಾರವು ಏಳು ದಿನ ಆ ಮಾಲನ್ನು ಮುಚ್ಚಲು ಆಜ್ಞಾಪಿಸಿದುದು ಯುಕ್ತವೇ ಸರಿ.

೧೯೨೧ರಲ್ಲಿ ಮಧುರೆಯಲ್ಲಿ ಗಾಂಧೀಜಿಯವರು ತುಂಡುಬಟ್ಟೆಯುಟ್ಟುದು ಬಡವರೊಡನೆ ಒಂದಾಗುವುದಕ್ಕಾಗಿ. ತರುಣರು ತಮಗಿಷ್ಟವಾದ ವೇಷ ಧರಿಸಲಿ, ನಮ್ಮ ಆಕ್ಷೇಪವಿಲ್ಲ. ಕಾಸು ಕೊಟ್ಟು ಕೊಂಡ ಹರಕಿಗೆ ಸಲಾಮು, ದುಡಿದುಂಬವನ ಪಂಚೆಗೆ ತಡೆ ಎಂಬ ನ್ಯಾಯ ಮಾತ್ರ ಈ ನಾಡಿನಲ್ಲಿ ಸಲ್ಲದು.